ಹಿಮಾಲಯದ ದೀರ್ಘ ಪಾದಯಾತ್ರೆಗೆ ದೇಹಸಿದ್ಧತೆ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿಕೊಂಡು ಬಂದವರು. ನಾವು ವಾಸಿಸುವ ಆಂಟಾಪ್ ಹಿಲ್‌ನ ಹೆಸರಿನಲ್ಲಿಯೇ ಗುಡ್ಡವೊಂದು ಸೇರಿಕೊಂಡಿದೆಯಾದರೂ ನಮ್ಮ ನಿತ್ಯಜೀವನವೆಲ್ಲ ಸಮುದ್ರಮಟ್ಟದಲ್ಲಿಯೇ ಸಾಗುತ್ತದೆ. ಬೆಳಿಗ್ಗೆ ವಡಾಲಾ ಅಥವಾ ಗುರು ತೇಗ್ ಬಹಾದ್ದೂರ್ ನಗರದಲ್ಲಿ ರೈಲು ಹಿಡಿದು, ದಿನವಿಡೀ ಕುರ್ಚಿಯಲ್ಲಿ ಕುಳಿತು, ಸಂಜೆ ಲಿಫ್ಟಿನಲ್ಲಿ ಮನೆ ಸೇರುವ ನಮಗೆ ಬೆಟ್ಟವೆಂಬುದು ಪಂಚಾಂಗದ ಚಿತ್ರದಲ್ಲಿ ಮಾತ್ರ ಕಾಣುವ ವಸ್ತುವಾಗಿತ್ತು. ಈಚಿನ ವರ್ಷಗಳಲ್ಲಿ ಸ್ಥಿತಿ ಬದಲಾಗಿದೆ. ನಮ್ಮ ಸಂಘದ ತರುಣರೂ ಮಧ್ಯವಯಸ್ಕರೂ ಬೆನ್ನಿಗೆ ಚೀಲವೇರಿಸಿಕೊಂಡು ಹಿಮಾಲಯದತ್ತ ಹೊರಡುತ್ತಿದ್ದಾರೆ. ಇದು ಸಂತೋಷದ ವಿಷಯ. ಅಂತೆಯೇ ಎಚ್ಚರಿಕೆಯ ವಿಷಯವೂ ಹೌದು.

ಬರುವ ಜುಲೈ ತಿಂಗಳಲ್ಲಿ ನಮ್ಮ ಸಂಘದ ಏಳು ಮಂದಿ ಲಡಾಖಿನ ಮಾರ್ಖಾ ಕಣಿವೆಯಲ್ಲಿ ಕಾಲ್ನಡಿಗೆಯ ಪ್ರವಾಸ ಕೈಗೊಳ್ಳಲಿದ್ದಾರೆ. ಅವರಲ್ಲಿ ನಾನೂ ಒಬ್ಬ. ನನ್ನ ತಂಗಿಯ ಮಗಳೂ ಒಬ್ಬಳು. ಈ ನಿಮಿತ್ತವಾಗಿ ಸ್ಮರಣ ಸಂಚಿಕೆಗೆ ಒಂದು ಆರೋಗ್ಯ ಲೇಖನ ಬರೆಯಬೇಕೆಂದು ಸಂಪಾದಕರು ಅಪ್ಪಣೆ ಮಾಡಿದರು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ಇದೇ ಕಣಿವೆಯಲ್ಲಿ ನಾನು ಒಮ್ಮೆ ಸೋತು ಬಂದಿದ್ದೇನೆ. ಆ ಸೋಲಿನ ನಂತರ ಓದಿ, ವೈದ್ಯಮಿತ್ರರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಒಂದು ಸ್ವಾನುಭವ

ಆರು ವರ್ಷಗಳ ಹಿಂದೆ ಎಲ್.ಎಫ್.ಸಿ. ಸೌಲಭ್ಯವನ್ನು ಉಪಯೋಗಿಸಿಕೊಂಡು ನಾವು ನಾಲ್ವರು ಸಹೋದ್ಯೋಗಿಗಳು ಲೇಹ್ ನಗರಕ್ಕೆ ವಿಮಾನದಲ್ಲಿ ಹೋದೆವು. ಯೋಜನೆಯನ್ನೆಲ್ಲ ಹಾಕಿದವನು ನಾನೇ. ರಜೆಯ ಒಂದು ದಿನವೂ ವ್ಯರ್ಥವಾಗಬಾರದೆಂಬುದು ನನ್ನ ಲೆಕ್ಕ. ಮರುದಿನವೇ ಬಾಡಿಗೆ ವಾಹನದಲ್ಲಿ ಖರ್ದುಂಗ್ ಲಾ ನೋಡಿ ಬಂದೆವು. ಮೂರನೆಯ ದಿನ ಚಿಲ್ಲಿಂಗ್ ತಲುಪಿ, ನಡೆಯಲಾರಂಭಿಸಿ, ಸ್ಕಿಯು ಎಂಬ ಹಳ್ಳಿಯಲ್ಲಿ ತಂಗಿದೆವು. ನಾಲ್ಕನೆಯ ಸಂಜೆ ಮಾರ್ಖಾ ಗ್ರಾಮ ಸೇರಿದಾಗ ನನಗೆ ತಲೆನೋವು ಆರಂಭವಾಗಿತ್ತು; ಊಟ ಸೇರಲಿಲ್ಲ. ಒಂದು ಮಾತ್ರೆ ನುಂಗಿ ಸುಮ್ಮನಿದ್ದೆ. ತಂಡದ ಮುಂದಾಳು ತಾನೇ ನರಳಿದರೆ ಉಳಿದವರ ಉತ್ಸಾಹ ಕುಗ್ಗೀತೆಂಬ ಸಂಕೋಚ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ.

ಮರುದಿನ ತಚುಂಗ್‌ಸೆ ಎಂಬಲ್ಲಿ ತಂಗಬೇಕಾಗಿತ್ತು. ಮರಳುವ ವಿಮಾನದ ಟಿಕೆಟ್ಟಿಗೆ ಒಂದು ದಿನ ಉಳಿಸಿಕೊಳ್ಳಬೇಕೆಂದು ಆ ತಂಗುವಿಕೆಯನ್ನು ನಾನು ರದ್ದುಪಡಿಸಿದೆ. ಮಾರ್ಖಾದ ಎತ್ತರ ಸುಮಾರು 3,800 ಮೀಟರ್, ನಿಮಾಲಿಂಗ್ ಬಯಲಿನ ಎತ್ತರ ಸುಮಾರು 4,800 ಮೀಟರ್. ತಲೆನೋವಿರುವ ಮನುಷ್ಯ ಒಂದೇ ದಿನದಲ್ಲಿ ಸಾವಿರ ಮೀಟರ್ ಮೇಲೆ ಹೋಗಿ ಮಲಗಿದ. ಆ ರಾತ್ರಿ ವಾಂತಿಯಾಯಿತು. ಡೇರೆಯಿಂದ ಹೊರಗೆ ಬಂದು ಕಾಲಿಟ್ಟರೆ ನೆಲ ಓರೆಯಾಗಿ ಸರಿದಂತಾಯಿತು. ನಮ್ಮ ಮಾರ್ಗದರ್ಶಕರಾದ ಲಡಾಖಿ ಹಿರಿಯರು ಟಾರ್ಚಿನ ಬೆಳಕಿನಲ್ಲಿ ಒಂದು ಹಗ್ಗವನ್ನು ನೆಲದ ಮೇಲೆ ನೇರವಾಗಿ ಹಾಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಅದರ ಗುಂಟ ನಡೆಯಲು ಹೇಳಿದರು. ನಾಲ್ಕನೆಯ ಹೆಜ್ಜೆಗೆ ನಾನು ಪಕ್ಕಕ್ಕೆ ಬಿದ್ದೆ. ಅವರು ಬೆಳಗಾಗುವವರೆಗೆ ಕಾಯಲಿಲ್ಲ. ನನ್ನನ್ನು ಕುದುರೆಯ ಮೇಲೆ ಕುಳ್ಳಿರಿಸಿ, ಕತ್ತಲಲ್ಲಿಯೇ ಸುಮಾರು 4,000 ಮೀಟರ್ ಎತ್ತರದ ಹಂಕರ್ ಹಳ್ಳಿಗೆ ಇಳಿಸಿದರು. ಬೆಳಗಿನ ಹೊತ್ತಿಗೆ ತಲೆನೋವು ಅರ್ಧಕ್ಕಿಳಿದಿತ್ತು. ಸಂಜೆಗೆ ನೇರವಾಗಿ ನಡೆಯಬಲ್ಲವನಾದೆ. ಉಳಿದ ಮೂವರು ಘಾಟಿಯನ್ನು ದಾಟದೆ ನನ್ನೊಡನೆ ಹಿಂದಿರುಗಿದರು. ಒಂದು ದಿನ ಉಳಿಸಲು ಹೋಗಿ ನಾಲ್ವರ ಇಡೀ ಪ್ರವಾಸವನ್ನು ಕಳೆದೆ. ಆ ಹಿರಿಯರು ಬೆಳಗಾಗಲಿ ಎಂದು ಕಾದಿದ್ದರೆ ಕಳೆದುಹೋಗುತ್ತಿದ್ದುದು ಪ್ರವಾಸ ಮಾತ್ರವಲ್ಲ.

ಎತ್ತರದಲ್ಲಿ ಆಗುವುದೇನು?

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಿರುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಪೂರ್ಣ ಸರಿಯಲ್ಲ. ಮುಂಬಯಿಯಲ್ಲಿಯೂ ಲೇಹ್‌ನಲ್ಲಿಯೂ ಗಾಳಿಯ ಸುಮಾರು 21 ಶೇಕಡಾ ಆಮ್ಲಜನಕವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿಯ ದರ ಅದೇ, ಅಸಲು ಮಾತ್ರ ಇಳಿದಿದೆ. ಆದುದರಿಂದ ಕೈಗೆ ಬರುವ ಮೊತ್ತವೂ ಇಳಿಯುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. 5,500 ಮೀಟರಿನಲ್ಲಿ ಅದು ಅರ್ಧ. ಮಾರ್ಖಾ ಯಾತ್ರೆಯ ಅತ್ಯುನ್ನತ ಸ್ಥಳವಾದ ಕಾಂಗ್‌ಮಾರು ಲಾ ಸುಮಾರು 5,200 ಮೀಟರ್ ಎತ್ತರದಲ್ಲಿದೆಯೆಂಬುದನ್ನು ಇಲ್ಲಿ ನೆನೆಯಬೇಕು.

ಈ ಕೊರತೆಯನ್ನು ದೇಹವು ಕ್ರಮೇಣ ಸರಿದೂಗಿಸಿಕೊಳ್ಳುತ್ತದೆ. ಮೊದಲು ಉಸಿರಾಟ ಹೆಚ್ಚುತ್ತದೆ, ನಾಡಿ ವೇಗವಾಗುತ್ತದೆ, ಮೂತ್ರವಿಸರ್ಜನೆ ಅಧಿಕವಾಗುತ್ತದೆ. ರಕ್ತದ ಕೆಂಪು ಕಣಗಳು ಗಣನೀಯವಾಗಿ ವೃದ್ಧಿಯಾಗಲು ವಾರಗಳೇ ಬೇಕು. ಇದಕ್ಕೆ ಅವಕಾಶ ಕೊಡದೆ ಏರಿದವರಿಗೆ ಪರ್ವತವ್ಯಾಧಿ ತಗಲುತ್ತದೆ. ಸಾಮಾನ್ಯವಾಗಿ 2,500 ಮೀಟರಿನಿಂದ ಮೇಲೆ ಇದರ ಭಯವುಂಟು. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್. ಆದ್ದರಿಂದ ನಮ್ಮ ನಾಡಿನ ಬೆಟ್ಟಗಳನ್ನೆಲ್ಲ ಹತ್ತಿ ಇಳಿದವನಿಗೂ ಈ ವ್ಯಾಧಿಯ ಪರಿಚಯವಿರುವುದಿಲ್ಲ.

ವ್ಯಾಧಿಯೇನೋ ಹಳೆಯದು. 1590ರಲ್ಲಿಯೇ ಸ್ಪೇನಿನ ಪಾದ್ರಿ ಅಕೋಸ್ಟಾ ಆಂಡೀಸ್ ಪರ್ವತದಲ್ಲಿ ತಾನು ಅನುಭವಿಸಿದ ಬಾಧೆಯನ್ನು ಬರೆದಿಟ್ಟನು. ಆಮ್ಲಜನಕದ ಒತ್ತಡ ತಗ್ಗುವುದೇ ಇದರ ಮೂಲವೆಂದು ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಇದರ ವಿಸ್ತಾರವಾದ ಅಧ್ಯಯನ ನಡೆದುದು ಮಾತ್ರ ನಮ್ಮ ದೇಶದ ಸೈನಿಕರಲ್ಲಿ ಎಂಬುದು ಅನೇಕರಿಗೆ ತಿಳಿಯದು. ಬಯಲುಸೀಮೆಯಿಂದ 11,000ದಿಂದ 18,000 ಅಡಿಗಳ ಎತ್ತರಕ್ಕೆ ಸಾಗಿಸಲ್ಪಟ್ಟು ವ್ಯಾಧಿಗ್ರಸ್ತರಾದ 1,925 ಭಾರತೀಯ ಯೋಧರನ್ನು ಕುರಿತು ಇಂದರ್ ಸಿಂಗ್ ಮತ್ತು ಅವರ ಸಹವೈದ್ಯರು 1969ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ವೈದ್ಯರಿಗೆಲ್ಲ ಆಧಾರವಾಯಿತು. ಆ ಯೋಧರು ತರುಣರು, ದೃಢಕಾಯರು. ದೇಹಬಲವೊಂದೇ ಈ ವ್ಯಾಧಿಯನ್ನು ತಡೆಯಲಾರದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ವಾಸ್ತವವಾಗಿ ಬಲಶಾಲಿಯು ಬೇಗಬೇಗನೆ ಏರುವುದರಿಂದ ಅವನಿಗೇ ಅಪಾಯ ಹೆಚ್ಚಾಗುವುದುಂಟು.

ಹೊರಡುವ ಮೊದಲು ವೈದ್ಯರಲ್ಲಿಗೆ

ನಲವತ್ತು ದಾಟಿದವರು ಕನಿಷ್ಠ ಆರು ತಿಂಗಳು ಮುಂಚಿತವಾಗಿಯೇ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ.; ವೈದ್ಯರು ಅಗತ್ಯವೆಂದರೆ ಟ್ರೆಡ್‌ಮಿಲ್ ಪರೀಕ್ಷೆ. ರಕ್ತಹೀನತೆಯಿದ್ದವರು ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು; ನಮ್ಮ ಸ್ತ್ರೀಯರಲ್ಲಿ ಈ ಕೊರತೆ ಬಹಳ. ಹೃದ್ರೋಗ, ಶ್ವಾಸಕೋಶದ ದೀರ್ಘಕಾಲದ ರೋಗ, ಹಿಂದೆ ಎತ್ತರದಲ್ಲಿ ಕಾಯಿಲೆ ಬಿದ್ದ ಚರಿತ್ರೆ, ಗರ್ಭಧಾರಣೆ ಇವುಗಳನ್ನು ಮುಚ್ಚಿಡಕೂಡದು. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಚಳಿಗೆ ಹೆಪ್ಪುಗಟ್ಟದಂತೆ ಒಳ ಅಂಗಿಯ ಜೇಬಿನಲ್ಲಿಯೇ ಇರಿಸಿಕೊಳ್ಳಬೇಕು.

ಪರ್ವತವ್ಯಾಧಿಯನ್ನು ತಡೆಯಲು ಅಸಿಟಝೋಲಮೈಡ್ ಎಂಬ ಮಾತ್ರೆಯುಂಟು. ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಇದರಿಂದ ಬೆರಳುಗಳಲ್ಲಿ ಜುಮುಜುಮು ಎನಿಸಬಹುದು, ಮೂತ್ರ ಹೆಚ್ಚಬಹುದು. ಸಲ್ಫಾ ಔಷಧಗಳು ಒಗ್ಗದವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನೆರೆಮನೆಯವರು ತೆಗೆದುಕೊಂಡರೆಂದು ತಾನೂ ನುಂಗುವುದು ಸಲ್ಲದು. ಮಾತ್ರೆ ತೆಗೆದುಕೊಂಡವರಿಗೂ ನಿಧಾನವಾಗಿ ಏರುವ ನಿಯಮದಿಂದ ವಿನಾಯಿತಿಯಿಲ್ಲ.

ಆರು ತಿಂಗಳ ಅಭ್ಯಾಸ

ಸಮುದ್ರಮಟ್ಟದಲ್ಲಿದ್ದುಕೊಂಡು ದೇಹವನ್ನು ವಿರಳ ಗಾಳಿಗೆ ಹೊಂದಿಸಲಾಗದು. ಆದರೆ ಕಾಲು, ಬೆನ್ನು, ಹೃದಯಗಳನ್ನು ಖಂಡಿತವಾಗಿ ಹದಗೊಳಿಸಬಹುದು. ದೇಹ ಬಳಲದಿದ್ದರೆ ಬುದ್ಧಿಯೂ ಸ್ಥಿಮಿತದಲ್ಲಿರುತ್ತದೆ. ತಪ್ಪು ನಿರ್ಧಾರಗಳು ಕಡಿಮೆಯಾಗುತ್ತವೆ. ನಾವು ಏಳು ಮಂದಿ ಅನುಸರಿಸುತ್ತಿರುವ ಕ್ರಮ ಹೀಗಿದೆ:

ಮೊದಲ ಎರಡು ತಿಂಗಳು: ವಾರಕ್ಕೆ ಐದು ದಿನ, ದಿನಕ್ಕೆ ನಲವತ್ತೈದು ನಿಮಿಷ ಚುರುಕಾದ ನಡಿಗೆ. ನಮಗೆ ಮಾತುಂಗಾದ ಫೈವ್ ಗಾರ್ಡನ್ಸ್ ಅನುಕೂಲ. ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎನ್ನುವಷ್ಟು ವೇಗವಿದ್ದರೆ ಸಾಕು.

ಮೂರನೆಯ ಮತ್ತು ನಾಲ್ಕನೆಯ ತಿಂಗಳು: ವಾರಕ್ಕೆ ಮೂರು ದಿನ ಮೆಟ್ಟಿಲು. ನಮ್ಮ ಕಟ್ಟಡದ ಏಳು ಮಹಡಿ ಹತ್ತಿದರೆ ಸುಮಾರು 21 ಮೀಟರ್ ಏರಿದಂತಾಯಿತು. ಐದು ಬಾರಿ ಹತ್ತಿದರೆ 105 ಮೀಟರ್. ಇಪ್ಪತ್ತನಾಲ್ಕು ಬಾರಿಗೆ 504 ಮೀಟರ್, ಅಂದರೆ ಪರ್ವತದಲ್ಲಿ ಒಂದು ದಿನದ ಏರು. ಐದರಿಂದ ಆರಂಭಿಸಿ ವಾರಕ್ಕೆರಡರಂತೆ ಹೆಚ್ಚಿಸುತ್ತ ಹೋಗಬೇಕು. ಇಪ್ಪತ್ತನಾಲ್ಕನ್ನು ಮುಟ್ಟಲು ಸುಮಾರು ಹತ್ತು ವಾರ ಬೇಕಾಗುವುದರಿಂದ ಇದು ಐದನೆಯ ತಿಂಗಳಿಗೂ ಮುಂದುವರಿಯುತ್ತದೆ. ಲಿಫ್ಟ್ ಕೆಟ್ಟಿದೆಯೇ ಎಂದು ನಮ್ಮ ಕಾವಲುಗಾರರು ಮೊದಲ ವಾರವೆಲ್ಲ ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟಿದ್ದಾರೆ. ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಬೀಳುವುದರಿಂದ ನಿಧಾನವಾಗಿ ಇಳಿಯಬೇಕು.

ಐದನೆಯ ಮತ್ತು ಆರನೆಯ ತಿಂಗಳು: ಬೆನ್ನುಚೀಲದೊಡನೆ ಸಹ್ಯಾದ್ರಿ. ಕಸಾರಾ ನಿಲ್ದಾಣದ ಮಾರ್ಗವಾಗಿ ಬಾರೀ ಗ್ರಾಮಕ್ಕೆ ಹೋಗಿ ಕಳಸೂಬಾಯಿ ಹತ್ತಬಹುದು. ಕರ್ಜತ್ ಕಡೆಯಿಂದ ರಾಜಮಾಚಿಗೆ ನಡೆಯಬಹುದು. ದೀರ್ಘಯಾತ್ರೆಯಲ್ಲಿ ಕಾಡುವುದು ಒಂದು ದಿನದ ಶ್ರಮವಲ್ಲ, ನಿನ್ನೆಯ ದಣಿವಿನ ಮೇಲೆ ಇಂದಿನ ದಣಿವು. ಆದ್ದರಿಂದ ಶನಿವಾರ ಮತ್ತು ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ ನಡೆದು ಅಭ್ಯಾಸ ಮಾಡಬೇಕು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಬಂಡೆಗಳು ಜಾರುವುದರಿಂದ ಬೆಟ್ಟವನ್ನು ಬಿಟ್ಟು ಮತ್ತೆ ಮೆಟ್ಟಿಲಿಗೆ ಮರಳುವುದು ಲೇಸು. ಹೊರಡುವ ಮೊದಲಿನ ಒಂದು ವಾರ ಲಘುವಾದ ನಡಿಗೆ ಮಾತ್ರ ಸಾಕು.

ಹೊರೆಯ ಲೆಕ್ಕ

ಬೆನ್ನುಚೀಲದ ತೂಕ ದೇಹದ ತೂಕದ ಐದರಲ್ಲಿ ಒಂದು ಪಾಲನ್ನು ಮೀರಬಾರದು. ಅರವತ್ತು ಕಿಲೋ ತೂಗುವವರಿಗೆ ಹನ್ನೆರಡು ಕಿಲೋ. ಎತ್ತರದಲ್ಲಿ ಇನ್ನೂ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಭ್ಯಾಸಕ್ಕೆ ನೀರಿನ ಬಾಟಲಿಗಳನ್ನು ತುಂಬಿಕೊಳ್ಳಿರಿ. ಬೆಟ್ಟದ ತುದಿಯಲ್ಲಿ ನೀರು ಚೆಲ್ಲಿಬಿಟ್ಟರೆ ಇಳಿಯುವಾಗ ಮೊಣಕಾಲಿಗೆ ವಿಶ್ರಾಂತಿ ದೊರೆಯುತ್ತದೆ. ಭಾರವೆಲ್ಲ ಹೆಗಲಿನ ಮೇಲಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕು.

ಪಾದರಕ್ಷೆಯನ್ನು ಹೊರಡುವ ವಾರದಲ್ಲಿ ಕೊಳ್ಳುವುದಕ್ಕಿಂತ ದೊಡ್ಡ ತಪ್ಪು ಬೇರೊಂದಿಲ್ಲ. ಅಭ್ಯಾಸದ ಮೂರು ತಿಂಗಳಾದರೂ ಅದೇ ಬೂಟಿನಲ್ಲಿ ನಡೆದಿರಬೇಕು. ಇಳಿಜಾರಿನಲ್ಲಿ ಬೆರಳು ತುದಿಗೆ ಬಡಿಯದಂತೆ ಸ್ವಲ್ಪ ಸಡಿಲವಿರಲಿ. ಉಡುಪಿನಲ್ಲಿ ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು: ಬೆವರು ಹೀರುವ ಒಳಪದರ, ಬೆಚ್ಚಗಿಡುವ ನಡುಪದರ, ಗಾಳಿ ಮಳೆ ತಡೆಯುವ ಹೊರಪದರ. ಎತ್ತರದಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳು ತೀಕ್ಷ್ಣ. ಆದ್ದರಿಂದ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ, ತುಟಿಗೂ ಮುಖಕ್ಕೂ ಲೇಪನ ಇವು ಅಲಂಕಾರಗಳಲ್ಲ, ಅಗತ್ಯಗಳು.

ಆಹಾರ ಮತ್ತು ನೀರು

ಎತ್ತರದಲ್ಲಿ ಹಸಿವು ಮಾಯವಾಗುತ್ತದೆ, ಶ್ರಮವಾದರೋ ಇಮ್ಮಡಿಯಾಗುತ್ತದೆ. ನೀರು ಲೇಹ್‌ನಲ್ಲಿ ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಅನ್ನವೂ ಬೇಳೆಯೂ ಸರಿಯಾಗಿ ಬೇಯವು. ನಮ್ಮ ಅಜ್ಜಿಯರ ಪ್ರಯಾಣದ ತಿಂಡಿಗಳು ಇಲ್ಲಿ ಬಹಳ ಉಪಯುಕ್ತ. ರಾಗಿಯ ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಬಿಸಿನೀರಿನಲ್ಲಿ ಕಲಸಿದರೆ ಐದು ನಿಮಿಷದಲ್ಲಿ ಆಹಾರ ಸಿದ್ಧ. ಒಗ್ಗರಣೆ ಹಾಕಿದ ಅವಲಕ್ಕಿ, ಕಡಲೆಕಾಯಿ ಚಿಕ್ಕಿ, ಒಣದ್ರಾಕ್ಷಿ, ಚಟ್ನಿಪುಡಿ ಇವು ಹಗುರವೂ ಹೌದು, ರುಚಿಗೆ ಒಗ್ಗಿದವೂ ಹೌದು. ಒಗ್ಗದ ರುಚಿಯನ್ನು ಅಲ್ಲಿ ನಾಲಿಗೆ ಸ್ವೀಕರಿಸುವುದಿಲ್ಲವೆಂಬುದನ್ನು ಅನುಭವದಿಂದ ಹೇಳುತ್ತೇನೆ.

ದಿನಕ್ಕೆ ಮೂರು ನಾಲ್ಕು ಲೀಟರ್ ನೀರು, ಸ್ವಲ್ಪ ಸ್ವಲ್ಪವಾಗಿ. ಮೂತ್ರ ತಿಳಿಯಾಗಿದ್ದರೆ ಸಾಕೆಂದು ತಿಳಿಯಬೇಕು. ಅತಿಯಾಗಿ ಕುಡಿಯುವುದೂ ಹಿತವಲ್ಲ, ಅದರಿಂದ ರಕ್ತದ ಲವಣಾಂಶ ತಗ್ಗುತ್ತದೆ. ಹೊಳೆಯ ನೀರನ್ನು ಕುದಿಸಿ ಅಥವಾ ಶುದ್ಧೀಕರಿಸಿಯೇ ಕುಡಿಯಬೇಕು. ಮದ್ಯವನ್ನೂ ನಿದ್ರೆಯ ಮಾತ್ರೆಗಳನ್ನೂ ಸಂಪೂರ್ಣವಾಗಿ ವರ್ಜಿಸಬೇಕು. ಅವು ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ.

ಏರುವ ಕ್ರಮ

ನಿಯಮ ಸರಳವಾದುದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಕೂಡದು. ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಮೇಲೇರಿ ರಾತ್ರಿ ಕೆಳಗಿಳಿದು ಮಲಗುವುದು ಉತ್ತಮ.

ವಿಮಾನದಲ್ಲಿ ಲೇಹ್ ತಲುಪಿದವರು ಕೆಲವು ಗಂಟೆಗಳಲ್ಲಿ 3,500 ಮೀಟರ್ ಏರಿದಂತಾಗುತ್ತದೆ. ಸಮಯವಿದ್ದವರು ಶ್ರೀನಗರದಿಂದ ರಸ್ತೆಯ ಮೂಲಕ, ಸುಮಾರು 2,700 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ ತಂಗಿ ಹೋಗುವುದು ದೇಹಕ್ಕೆ ಹಿತ. ನಮ್ಮ ಈ ಸಲದ ಯೋಜನೆಯಲ್ಲಿ ಲೇಹ್‌ನಲ್ಲಿಯೇ ಮೂರು ರಾತ್ರಿ. ಮೊದಲ ದಿನ ಪೂರ್ಣ ವಿಶ್ರಾಂತಿ, ಖರ್ದುಂಗ್ ಲಾ ದರ್ಶನ ಇಲ್ಲ. ಬಳಿಕ ಸ್ಕಿಯು, ಮಾರ್ಖಾ, ಹಂಕರ್. ಮುಂದೆ ಸುಮಾರು 4,250 ಮೀಟರಿನ ತಚುಂಗ್‌ಸೆಯಿಂದ ನಿಮಾಲಿಂಗ್‌ಗೆ 500 ಮೀಟರಿಗೆ ತುಸು ಹೆಚ್ಚಾದ ನೆಗೆತವಿರುವುದರಿಂದ ತಚುಂಗ್‌ಸೆಯಲ್ಲಿ ಎರಡು ರಾತ್ರಿ. ಆ ಮೇಲೆ ಘಾಟಿ. ಇದಲ್ಲದೆ ಎರಡು ದಿನಗಳನ್ನು ಮೀಸಲು ನಿಧಿಯಾಗಿ ಇಟ್ಟಿದ್ದೇವೆ. ಮೀಸಲಿಲ್ಲದ ಆಯವ್ಯಯ ಪತ್ರಕ್ಕೆ ನಾನು ಕಚೇರಿಯಲ್ಲಿ ಸಹಿ ಹಾಕುವುದಿಲ್ಲ. ಬೆಟ್ಟದಲ್ಲಿ ಮಾತ್ರ ಹಾಕಿದ್ದೆ.

ಅಪಾಯದ ಲಕ್ಷಣಗಳು

ಈ ಭಾಗವನ್ನು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಬೇಕೆಂದು ವಿನಂತಿ.

1. ಎತ್ತರದಲ್ಲಿ ತಲೆನೋವು, ಅದರೊಡನೆ ವಾಕರಿಕೆ, ಅತಿಯಾದ ಆಯಾಸ ಅಥವಾ ತಲೆಸುತ್ತು: ಬೇರೆ ಕಾರಣ ಸ್ಪಷ್ಟವಾಗಿ ಕಾಣುವವರೆಗೆ ಇದು ಪರ್ವತವ್ಯಾಧಿಯೇ. ಮೇಲೆ ಹೋಗಬೇಡಿ. ಅಲ್ಲಿಯೇ ವಿಶ್ರಮಿಸಿರಿ. ಒಂದು ದಿನದಲ್ಲಿ ಗುಣವಾಗದಿದ್ದರೆ ಅಥವಾ ಉಲ್ಬಣಿಸಿದರೆ ಕೆಳಗಿಳಿಯಿರಿ.

2. ವಿಶ್ರಾಂತಿಯಲ್ಲಿಯೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ನೊರೆ ಅಥವಾ ಗುಲಾಬಿ ಬಣ್ಣದ ಕಫ: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇದು ನ್ಯುಮೋನಿಯಾ ಇರಬಹುದೆಂದು ಕಾಯುತ್ತ ಕೂರಬಾರದು.

3. ತೂರಾಡುವ ನಡಿಗೆ, ಗೊಂದಲದ ಮಾತು, ವಿಚಿತ್ರ ವರ್ತನೆ, ಮಂಪರು: ಮೆದುಳು ಬಾತುಕೊಳ್ಳುತ್ತಿದೆ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ರೇಖೆಯಲ್ಲಿ ನಡೆಯಲಾಗದಿದ್ದರೆ ಸಂಶಯವೇ ಬೇಡ.

ಎರಡನೆಯ ಮತ್ತು ಮೂರನೆಯ ಸ್ಥಿತಿಯಲ್ಲಿ ರಾತ್ರಿಯಾದರೂ ಸರಿ, ಸುರಕ್ಷಿತವಾಗಿ ಸಾಧ್ಯವಾದರೆ ತಕ್ಷಣ ಕೆಳಗಿಳಿಸಬೇಕು. ಲಕ್ಷಣಗಳು ತಗ್ಗುವವರೆಗೆ, ಸಾಮಾನ್ಯವಾಗಿ 300ರಿಂದ 1,000 ಮೀಟರ್‌ವರೆಗೆ. ರೋಗಿಯನ್ನು ಒಬ್ಬಂಟಿಯಾಗಿ ಬಿಡಬಾರದು, ಒಬ್ಬಂಟಿಯಾಗಿ ಕಳುಹಿಸಲೂಬಾರದು. ಆಮ್ಲಜನಕವಾಗಲಿ, ವೈದ್ಯರು ಮುಂಚಿತವಾಗಿ ಬರೆದುಕೊಟ್ಟ ತುರ್ತು ಔಷಧಗಳಾಗಲಿ ಇಳಿಯುವುದಕ್ಕೆ ಸಹಾಯಕವೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರನ್ನು ಜೊತೆಗೊಯ್ಯಬಹುದು. ಆದರೆ ಅಂಕಿ ಚೆನ್ನಾಗಿದೆಯೆಂದು ಲಕ್ಷಣಗಳನ್ನು ಅಲಕ್ಷಿಸುವುದು ಅಪಾಯಕರ. ವ್ಯಾಧಿಗ್ರಸ್ತನು ಲೇಹ್ ತಲುಪಿದ ಕೂಡಲೇ ಅಲ್ಲಿನ ಸೋನಂ ನೊರ್ಬು ಸ್ಮಾರಕ ಆಸ್ಪತ್ರೆಯಂತಹ ಕಡೆ ತೋರಿಸಬೇಕು. ವಿಮೆ ಮಾಡಿಸುವವರು ಎಷ್ಟು ಎತ್ತರದವರೆಗೆ ಅದು ಅನ್ವಯಿಸುತ್ತದೆ, ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿ ಸಹಿ ಮಾಡಬೇಕು. ಕಣಿವೆಯ ಬಹುಭಾಗದಲ್ಲಿ ದೂರವಾಣಿಯನ್ನು ನಂಬುವಂತಿಲ್ಲ. ಆದ್ದರಿಂದ ದಿನಚರಿಯ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕು.

ಕೊನೆಯ ಮಾತು

ನಮ್ಮ ತಂಡದ ಏಳು ಮಂದಿ ಕಳೆದ ತಿಂಗಳು ನನ್ನ ಮನೆಯಲ್ಲಿ ಸೇರಿ ಮೂರು ವಿಷಯಗಳನ್ನು ಒಪ್ಪಿಕೊಂಡೆವು. ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಪ್ರತಿಯೊಬ್ಬರೂ ತಮ್ಮ ತಲೆನೋವು, ಹಸಿವು, ನಿದ್ರೆಗಳನ್ನು ಬಾಯಿಬಿಟ್ಟು ಹೇಳತಕ್ಕದ್ದು. ಯಾರಿಗೆ ಕಾಯಿಲೆಯೋ ಅವರ ಅಭಿಪ್ರಾಯವಲ್ಲ, ಜೊತೆಗಾರರ ಅಭಿಪ್ರಾಯವೇ ಅಂತಿಮ. ಏಕೆಂದರೆ ಆ ವ್ಯಾಧಿ ಮೊದಲು ಕೆಡಿಸುವುದು ವಿವೇಕವನ್ನೇ. ಒಬ್ಬರು ಇಳಿಯಬೇಕಾದರೆ ಇನ್ನೊಬ್ಬರು ಗೊಣಗದೆ ಜೊತೆಗೆ ಇಳಿಯತಕ್ಕದ್ದು.

ನಮ್ಮ ಮಾತುಗಳನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ತಂಗಿ, “ಅಣ್ಣಾ, ಅವಳನ್ನು ಆ ಘಾಟಿ ದಾಟಿಸಿಯೇ ಕರೆದುಕೊಂಡು ಬರ್ತೀಯಲ್ಲ?” ಎಂದು ಕೇಳಿದಳು. ಮಗಳ ಆಸೆ ಅವಳಿಗೆ ಗೊತ್ತು. “ಕರೆದುಕೊಂಡು ಬರ್ತೀನಿ ಕಣಮ್ಮ. ದಾಟಿಸುವ ಮಾತು ಮಾತ್ರ ಅಲ್ಲಿ ಹೋದ ಮೇಲೆ” ಎಂದೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಆರು ವರ್ಷಗಳ ಹಿಂದೆ ನಾನು ಕೊಟ್ಟಿದ್ದೆ, ಈಗ ಕೊಡಲಾರೆ. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹೊರಡುವ ಸದಸ್ಯ ಬಂಧುಗಳೆಲ್ಲರಿಗೂ ಆರೋಗ್ಯವನ್ನೂ ತಾಳ್ಮೆಯನ್ನೂ ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.